ಅರ್ಧ ಖಾಲಿಯಾದ ಮೇಲೆ ಗೊತ್ತಾಗುವ ಗುಣ: ಒಂದು ರನ್ನಿಂಗ್ ವೆಸ್ಟ್ ಜೊತೆ 22 ತಿಂಗಳು

ಓಡುವಾಗ ನೀರು, ತಿನಿಸು ಹೊರಲು ತೋಳಿಲ್ಲದ ಅಂಗಿಯ ಹಾಗೆ ಹಾಕಿಕೊಳ್ಳುವ ಈ ವೆಸ್ಟ್ ತಗೊಂಡು 22 ತಿಂಗಳಾಯಿತು. ವಾರಕ್ಕೊಂದು ಲಾಂಗ್ ರನ್, ನಡುವೆ ಮಂಡಿ ನೋವಿಗೆ ಎರಡು ತಿಂಗಳು ರಜೆ. ಎಲ್ಲ ಸೇರಿ ಎಪ್ಪತ್ತೈದು ಸಲವಾದರೂ ಹೆಗಲಿಗೆ ಏರಿಸಿದ್ದೇನೆ. ಕೊಂಡ ವಾರವೇ ವಿಮರ್ಶೆ ಬರೆದಿದ್ದರೆ ಕಣ್ಣುಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ. ಆರು ತಿಂಗಳಿಗೆ ಬರೆದಿದ್ದರೆ ಎರಡು. ಈಗ ಮೋಹವೂ ಇಳಿದಿದೆ, ಸಿಟ್ಟೂ ಇಳಿದಿದೆ. ಬರೆಯುವುದಕ್ಕೆ ಇದೇ ಸರಿಯಾದ ಹೊತ್ತು.

ಕಂಪನಿಯ ಹೆಸರು ಬೇಡ. ಈ ಜಾತಿಯ ವೆಸ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎದೆಯ ಎರಡೂ ಬದಿಗೆ 500 ಮಿ.ಲೀ.ನ ಒಂದೊಂದು ಸಾಫ್ಟ್ ಫ್ಲಾಸ್ಕ್, ಅಂದರೆ ಮೆತ್ತನೆಯ ನೀರಿನ ಬಾಟಲಿ. ಬೆನ್ನಿನಲ್ಲಿ ಒಂದೂವರೆ ಲೀಟರಿನ ಬ್ಲಾಡರ್, ಅಂದರೆ ಕೊಳವೆಯಿಂದ ಹೀರಿ ಕುಡಿಯುವ ನೀರಿನ ಚೀಲ, ಇಡುವ ಜಾಗ. ಎದೆಗೆ ಅಡ್ಡಲಾಗಿ ಎರಡು ಪಟ್ಟಿ. ಪಕ್ಕೆಯ ಹತ್ತಿರ ಎರಡು ಹಿಗ್ಗುವ ಜೇಬು, ಒಂದು ಜಿಪ್ ಜೇಬು. ಆ ಜಿಪ್ ಕಥೆ ಆಮೇಲೆ ಹೇಳುತ್ತೇನೆ.

ಇದಕ್ಕೂ ಮೊದಲು ಕೈಯಲ್ಲೇ ಬಾಟಲಿ ಹಿಡಿದು ಓಡುತ್ತಿದ್ದೆ. ಒಂದು ಗಂಟೆವರೆಗೆ ಏನೂ ಅನಿಸುವುದಿಲ್ಲ. ಅದಾದ ಮೇಲೆ ಆ ಕಡೆಯ ಭುಜ ಗೊತ್ತಿಲ್ಲದಂತೆ ಮೇಲೇರಿ ಬಿಗಿದುಕೊಳ್ಳುತ್ತದೆ. ಆಮೇಲೆ ಸೊಂಟಕ್ಕೆ ಕಟ್ಟುವ ಬೆಲ್ಟ್ ತಂದೆ. ಬಿಗಿ ಮಾಡಿದರೆ ಹೊಟ್ಟೆ ಒತ್ತಿ, ಓಡುವಾಗ ಶಕ್ತಿಗೆ ಅಂತ ತಿಂದ ಸಿಹಿ ಜೆಲ್ ಮೇಲಕ್ಕೆ ಬರುತ್ತದೆ. ಸಡಿಲ ಬಿಟ್ಟರೆ ಬಾಟಲಿ ಸೊಂಟದ ಮೇಲೆ ತಾಳ ಹಾಕುತ್ತದೆ. ಕೆಲವರಿಗೆ ಬೆಲ್ಟೇ ಸರಿಹೋಗುತ್ತದೆ, ನನಗೆ ಹೋಗಲಿಲ್ಲ, ಅಷ್ಟೇ.

ವೆಸ್ಟ್ ಹಾಕಿಕೊಂಡ ಮೊದಲ ದಿನ ಸ್ವರ್ಗ. ತೂಕ ಎರಡೂ ಭುಜಕ್ಕೆ ಹಂಚಿಹೋಗಿದೆ, ಕೈ ಖಾಲಿ, ನೀರು ಗಲ್ಲದ ಕೆಳಗೇ ಇದೆ. ಇದೇನು ಇಷ್ಟು ದಿನ ಕಷ್ಟಪಟ್ಟೆನಲ್ಲಾ ಅನ್ನಿಸಿತು. ಅದು ಮೊದಲ ಒಂದು ಗಂಟೆಯ ಮಾತು. 14ನೇ ಕಿಲೋಮೀಟರ್ ಹೊತ್ತಿಗೆ ಎರಡೂ ಫ್ಲಾಸ್ಕ್ ಅರ್ಧಕ್ಕೆ ಇಳಿದಿದ್ದವು. ಅಲ್ಲಿಂದ ಅದು ಬೇರೆಯೇ ವೆಸ್ಟ್ ಆಯಿತು. ಮೈಗೆ ಅಂಟಿಕೊಂಡಿದ್ದ ಚೀಲ ಈಗ ಮೈಯಿಂದ ಒಂದು ಬೆರಳು ದೂರ ನಿಂತು ಹೆಜ್ಜೆಹೆಜ್ಜೆಗೂ ಬಡಿಯತೊಡಗಿತು. ಅರ್ಥವಾಗುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ವೆಸ್ಟ್ ತುಂಬಿದಾಗ ಎಲ್ಲವೂ ಚೆನ್ನಾಗಿಯೇ ಕೂರುತ್ತವೆ. ಅದರ ಗುಣ ಗೊತ್ತಾಗುವುದು ಅರ್ಧ ಖಾಲಿಯಾದ ಮೇಲೆ.

ಸಾಫ್ಟ್ ಫ್ಲಾಸ್ಕ್‌ನ ದೊಡ್ಡ ಗುಣ ಏನು ಅಂದರೆ, ಕುಡಿದಂತೆಲ್ಲ ಅದು ಕುಗ್ಗುತ್ತದೆ. ಒಳಗೆ ಗಾಳಿ ಸೇರುವುದಿಲ್ಲ, ನೀರು ಗುಳುಗುಳು ಅನ್ನುವುದಿಲ್ಲ. ಅದೇ ಅದರ ದೋಷವೂ ಹೌದು. ಅರ್ಧ ಖಾಲಿಯಾದ ಫ್ಲಾಸ್ಕ್ ಒದ್ದೆ ಕಾಲುಚೀಲದ ಹಾಗೆ ಜೇಬಿನ ತಳಕ್ಕೆ ಕುಸಿದು ಕೂರುತ್ತದೆ. ಕುಡಿಯುವ ಮೂತಿ ಎದೆಯ ಮಟ್ಟಕ್ಕೆ ಇಳಿಯುತ್ತದೆ. ಓಡುತ್ತಾ ಕತ್ತು ಬಗ್ಗಿಸಿ ಅದನ್ನು ಹುಡುಕುವುದು ಒಳ್ಳೆ ತಮಾಷೆ. ನನ್ನದರಲ್ಲಿ ಫ್ಲಾಸ್ಕ್‌ನ ಕುತ್ತಿಗೆಗೆ ಹಾಕಲು ಒಂದು ಸಣ್ಣ ಎಲಾಸ್ಟಿಕ್ ಕುಣಿಕೆ ಇದೆ. ಅದು ಯಾಕಿದೆ ಅಂತ ನಾಲ್ಕು ತಿಂಗಳು ಗೊತ್ತಿರಲಿಲ್ಲ, ಸುಮ್ನೆ ಅಂದಕ್ಕೆ ಅಂದುಕೊಂಡಿದ್ದೆ. ಕುಣಿಕೆ ಹಾಕಿದ ದಿನದಿಂದ ಫ್ಲಾಸ್ಕ್ ಕುಸಿಯುವುದು ಮುಕ್ಕಾಲು ಪಾಲು ನಿಂತಿತು. ನೀವು ನೋಡುತ್ತಿರುವ ವೆಸ್ಟ್‌ನಲ್ಲಿ ಇದಿಲ್ಲ ಅಂದರೆ ಇನ್ನೊಮ್ಮೆ ಯೋಚಿಸಿ.

ದಾರಿಯಲ್ಲಿ ನೀರು ತುಂಬಿಸಿದ ಮೇಲೆ ಫ್ಲಾಸ್ಕನ್ನು ಜೇಬಿಗೆ ವಾಪಸ್ ತೂರಿಸುವುದು ಇನ್ನೊಂದು ಕಲೆ. ತುಂಬಿದ ಫ್ಲಾಸ್ಕ್ ಮೀನಿನ ಹಾಗೆ ಜಾರುತ್ತದೆ. ಬೆವರಿಗೆ ಒದ್ದೆಯಾದ ಜೇಬು ಅಂಟಿಕೊಂಡು ಬಾಯಿ ತೆರೆಯುವುದೇ ಇಲ್ಲ. ನಾನು ಈಗ ಮಾಡುವುದು ಹೀಗೆ. ಮುಚ್ಚಳ ಬಿಗಿಯುವ ಮೊದಲು ಎರಡು ಗುಟುಕು ನೀರು ಕಮ್ಮಿ ಇರುವಂತೆ ನೋಡಿಕೊಳ್ಳುತ್ತೇನೆ. ಕುಡಿಯುವ ಮೂತಿಯಿಂದ ಒಂದು ಸಲ ಗಾಳಿ ಊದಿ ಫ್ಲಾಸ್ಕನ್ನು ಸೆಟೆದು ನಿಲ್ಲಿಸುತ್ತೇನೆ. ಎಡಗೈಯಿಂದ ಜೇಬಿನ ತಳ ಹಿಡಿದು ಕೆಳಕ್ಕೆ ಎಳೆಯುತ್ತಾ, ಬಲಗೈಯಿಂದ ತಿರುಚುತ್ತಾ ಒಳಗೆ ಇಳಿಸುತ್ತೇನೆ. ಕೂತ ಮೇಲೆ ಆ ಗಾಳಿಯನ್ನು ಬಾಯಿಂದಲೇ ಹೀರಿ ತೆಗೆಯುತ್ತೇನೆ. ಹತ್ತು ಸೆಕೆಂಡಿನ ಕೆಲಸ. ಮೊದಲೆಲ್ಲ ಇದಕ್ಕೆ ಎರಡು ನಿಮಿಷ ನಿಂತು ಗುದ್ದಾಡುತ್ತಿದ್ದೆ.

ಇನ್ನು ತೂಕ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಎರಡು ಫ್ಲಾಸ್ಕ್, ಬ್ಲಾಡರ್ ಎಲ್ಲ ತುಂಬಿಸಿದರೆ ಎರಡೂವರೆ ಕಿಲೋ ನೀರೇ ಆಗುತ್ತದೆ. ಜಾಗ ಇದೆ ಅಂತ ಶುರುವಿನಲ್ಲಿ ಎಲ್ಲವನ್ನೂ ತುಂಬಿಸಿಕೊಂಡು ಹೋಗುತ್ತಿದ್ದೆ. ಎರಡು ಗಂಟೆ ಓಡಿ ಮನೆಗೆ ಬಂದರೆ ಒಂದು ಲೀಟರಿಗಿಂತ ಜಾಸ್ತಿ ಹಾಗೇ ಉಳಿದಿರುತ್ತಿತ್ತು. ಅಷ್ಟನ್ನೂ ಸುಮ್ನೆ ಹೊತ್ತು ತಿರುಗಿದ್ದೆ ಅಂತಾಯಿತಲ್ವಾ? ಆಮೇಲೆ ತೂಕದ ಯಂತ್ರದ ಮೇಲೆ ನಿಂತೆ. ಓಡುವ ಮೊದಲು 64.2 ಕಿಲೋ. ಎರಡು ಗಂಟೆ ಓಡಿ ಮೈ ಒರೆಸಿಕೊಂಡ ಮೇಲೆ 62.9. ನಡುವೆ ಕುಡಿದದ್ದು 600 ಮಿ.ಲೀ., ಮೂತ್ರಕ್ಕೆ ಹೋಗಿರಲಿಲ್ಲ. ಅಂದರೆ ಹೋದ ಬೆವರು ಸುಮಾರು 1.9 ಲೀಟರ್, ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್. ತಂಪಿನ ದಿನಗಳಲ್ಲಿ ಇದೇ ಲೆಕ್ಕ ಅರ್ಧಕ್ಕೆ ಬಂತು. ನಿಮ್ಮದು ಬೇರೆಯೇ ಇರುತ್ತದೆ. ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಹೋದರೆ ಇನ್ನೊಬ್ಬರಿಗೆ ಎರಡು ಲೀಟರ್ ಹೋಗಬಹುದು. ಬೇರೆಯವರ ಅಳತೆಗೆ ಚೀಲ ತುಂಬಿಸಬೇಡಿ.

ಹೋದ ಬೆವರನ್ನೆಲ್ಲ ಓಡುತ್ತಲೇ ವಾಪಸ್ ಕುಡಿಯಬೇಕು ಅಂತಲೂ ಇಲ್ಲ. ತೂಕ ಇಳಿಯುವುದು ಮೈತೂಕದ ನೂರಕ್ಕೆ 2 ದಾಟದಂತೆ ನೋಡಿಕೊಳ್ಳಿ ಅನ್ನುವುದು ಎಲ್ಲರೂ ಹೇಳುವ ಅಂದಾಜು. ನನ್ನ ತೂಕಕ್ಕೆ ಅದು 1.3 ಕಿಲೋ ಹತ್ತಿರ. ಅವತ್ತು ಸರಿಯಾಗಿ ಗೆರೆಯ ಮೇಲೆ ನಿಂತಿದ್ದೆ.

ವೆಸ್ಟ್ ಕಲಿಸುವ ಒಂದು ಕೆಟ್ಟ ಚಾಳಿಯೂ ಇದೆ. ಮೂತಿ ಬಾಯಿ ಹತ್ತಿರವೇ ಇರುವುದರಿಂದ ಬೇಜಾರಾದಾಗಲೆಲ್ಲ ಒಂದು ಗುಟುಕು ಹೀರುತ್ತೇವೆ. ಬಾಯಾರಿಕೆ ಇರುವುದಿಲ್ಲ, ಕೈಬಾಯಿಗೆ ಕೆಲಸ ಬೇಕಿರುತ್ತದೆ ಅಷ್ಟೇ. ನಿಧಾನವಾಗಿ ತುಂಬ ಹೊತ್ತು ಓಡುವವರಿಗೆ ಇದು ಸಣ್ಣ ವಿಷಯವಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಮ್ಮಿ ಇತ್ತು. ಓಡುತ್ತಾ ಮೈತೂಕ ಏರಿಸಿಕೊಂಡವರಲ್ಲಿ ಇದು ಎದ್ದು ಕಾಣುತ್ತಿತ್ತು. ಅಂದರೆ ಬೆವರಿಗಿಂತ ಜಾಸ್ತಿ ನೀರು ಕುಡಿದವರಲ್ಲಿ. ಇದನ್ನು ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಮನಸ್ಸು ಬಂದಾಗ ಹೀರುವುದು ಬಿಟ್ಟು, ಬಾಯಾರಿದಾಗ ನಾಲ್ಕು ಗುಟುಕು ಕುಡಿಯುತ್ತೇನೆ. ಒಂದು ಸಲ ಎಡದ ಫ್ಲಾಸ್ಕ್, ಮುಂದಿನ ಸಲ ಬಲದ್ದು. ಒಂದೇ ಕಡೆ ಖಾಲಿ ಮಾಡುತ್ತಾ ಹೋದರೆ ವೆಸ್ಟ್ ಓರೆಯಾಗಿ, ಭಾರದ ಕಡೆಯ ಕೊರಳ ಮೂಳೆಯನ್ನು ಉಜ್ಜಲು ಶುರುಮಾಡುತ್ತದೆ.

ಜೆಲ್ ವಿಷಯಕ್ಕೆ ಬರೋಣ. ಒಂದೂವರೆ ಗಂಟೆ ಒಳಗಿನ ಓಟಕ್ಕೆ ಮೈಯಲ್ಲಿ ಇರುವ ದಾಸ್ತಾನೇ ಸಾಕು. ಅದಕ್ಕೆ ನಾನು ವೆಸ್ಟ್ ಹಾಕುವುದೂ ಇಲ್ಲ. ಅದಕ್ಕಿಂತ ಮೇಲೆ ಹೋದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಸಾಮಾನ್ಯ ಜೆಲ್ ಒಂದರಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಮೂರು ಗಂಟೆ ಓಡುವ ದಿನ ನಾನು ಐದು ಜೆಲ್ ಒಯ್ಯುತ್ತೇನೆ, ಜೊತೆಗೆ ಒಂದು ಫ್ಲಾಸ್ಕ್‌ನಲ್ಲಿ ಸ್ಪೋರ್ಟ್ಸ್ ಪುಡಿ ಬೆರೆಸಿದ ನೀರು. ಅರ್ಧ ಲೀಟರಿಗೆ 30 ಗ್ರಾಂ, ಅಂದರೆ ನೂರಕ್ಕೆ 6ರ ಹದ. ಇನ್ನೊಂದರಲ್ಲಿ ಬರೀ ನೀರು. ಜೆಲ್ ಜೊತೆಗೆ ಬರೀ ನೀರೇ ಕುಡಿಯಬೇಕು. ಸಿಹಿಯ ಮೇಲೆ ಸಿಹಿ ಸುರಿದರೆ ಹೊಟ್ಟೆಯಲ್ಲಿ ಪಾಕ ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ಒಂದು ಬೆಳಗಿನ ಜಾವ ಕತ್ತಲಲ್ಲಿ ಫ್ಲಾಸ್ಕ್ ಅದಲುಬದಲಾಗಿ ಇದನ್ನು ಚೆನ್ನಾಗಿ ಅನುಭವಿಸಿದೆ. ಅವತ್ತಿನಿಂದ ಸಿಹಿ ನೀರಿನ ಫ್ಲಾಸ್ಕ್‌ನ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ.

ಗಂಟೆಗೆ 60 ಗ್ರಾಂಗಿಂತ ಜಾಸ್ತಿ ತಿನ್ನಬೇಕು ಅನ್ನುವವರು ಜೆಲ್‌ನ ಹಿಂದೆ ಬರೆದಿರುವುದನ್ನು ಓದಿ. ಕರುಳಿನಲ್ಲಿ ಗ್ಲೂಕೋಸ್ ಒಳಗೆ ಹೋಗುವ ಬಾಗಿಲು ಅಷ್ಟಕ್ಕೇ ತುಂಬಿಹೋಗುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲು ಇದೆ. ಎರಡೂ ಬೆರೆತ ಜೆಲ್ ಆದರೆ 90 ಗ್ರಾಂವರೆಗೂ ಹೋಗುವವರಿದ್ದಾರೆ. ನನ್ನ ಹೊಟ್ಟೆ 55ಕ್ಕೇ ಸಾಕು ಅನ್ನುತ್ತದೆ.

ಜೇಬಿಗೂ ಒಂದು ಕ್ರಮ ಬೇಕು. ತುಂಬಿದ ಜೆಲ್ ಎಡಕ್ಕೆ, ಖಾಲಿ ಪ್ಯಾಕೆಟ್ ಬಲಕ್ಕೆ. ಎರಡೂ ಒಂದೇ ಜೇಬಿನಲ್ಲಿದ್ದರೆ ಕೈಹಾಕಿದಾಗಲೆಲ್ಲ ಬೆರಳು ಅಂಟಂಟು. ಅದೇ ಬೆರಳಲ್ಲಿ ಮೊಬೈಲ್, ಅದೇ ಬೆರಳಲ್ಲಿ ಕಣ್ಣಿನ ಬೆವರು. ಖಾಲಿ ಪ್ಯಾಕೆಟ್‌ಗೆ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡ ಮೇಲೆ ಜೇಬು ತೊಳೆಯುವ ಕೆಲಸ ತಪ್ಪಿತು.

ಈಗ ಬೈಗುಳದ ಭಾಗ. ಎಂಟನೇ ತಿಂಗಳಿಗೆ ಜಿಪ್ ಜಾಮ್ ಆಯಿತು. ನೋಡಿದರೆ ಹಲ್ಲುಗಳ ನಡುವೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಬಲವಾಗಿ ಎಳೆದೆ, ಹಿಡಿ ಕಿತ್ತು ಕೈಗೆ ಬಂತು. ಕಂಪನಿಗೆ ಫೋಟೊ ಸಮೇತ ಬರೆದರೆ, ಬೆವರಿನಿಂದ ಆದ ಹಾನಿ ವಾರಂಟಿಗೆ ಬರುವುದಿಲ್ಲ ಅಂತ ಉತ್ತರ ಬಂತು. ಓಡುವವರಿಗೆ ಅಂತಲೇ ಮಾಡಿದ ವೆಸ್ಟ್‌ಗೆ ಬೆವರು ತಾಗಬಾರದಂತೆ! ಹನ್ನೊಂದನೇ ತಿಂಗಳಿಗೆ ಒಂದು ಫ್ಲಾಸ್ಕ್ ಕುತ್ತಿಗೆಯ ಕೆಳಗಿನ ಮಡಿಕೆಯಲ್ಲಿ ಸೋರತೊಡಗಿತು. ಕುಸಿದು ಕುಸಿದು ಮಡಚಿದ ಜಾಗವೇ ಅದು. ಫ್ಲಾಸ್ಕ್ ಅನ್ನು ಸವೆಯುವ ಸಾಮಾನು ಅಂದುಕೊಂಡರೆ ಬೇಜಾರಿಲ್ಲ. ಜಿಪ್ ಮಾತ್ರ ಕ್ಷಮಿಸುವುದಿಲ್ಲ. ಬಟ್ಟೆ, ಹೊಲಿಗೆ, ಎದೆಪಟ್ಟಿಯ ಕೊಂಡಿ ಇವತ್ತಿಗೂ ಗಟ್ಟಿಯಾಗಿವೆ.

ಉಜ್ಜುಗಾಯದ ಬಗ್ಗೆ ಒಂದು ಮಾತು. ಓಡುವಾಗ ಅದು ಗೊತ್ತಾಗುವುದೇ ಇಲ್ಲ. ಸ್ನಾನಕ್ಕೆ ನಿಂತು ಬಿಸಿನೀರು ಬಿದ್ದ ಕೂಡಲೇ ಎಲ್ಲೆಲ್ಲಿ ಚರ್ಮ ಹೋಗಿದೆ ಅಂತ ಪೂರ್ತಿ ನಕ್ಷೆ ಸಿಗುತ್ತದೆ. ನನಗೆ ಕಂಕುಳ ಕೆಳಗಿನ ಹೊಲಿಗೆ ಮತ್ತು ಕೊರಳ ಮೂಳೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಸ್ವಲ್ಪ ಕಮ್ಮಿ. ನಿಜವಾದ ಮದ್ದು ಬೇರೆ ಇತ್ತು. ನೀರು ಅರ್ಧಕ್ಕೆ ಬಂದಾಗ ಎದೆಪಟ್ಟಿಯನ್ನು ಓಡುತ್ತಲೇ ಒಂದು ಬೆರಳಿನಷ್ಟು ಎಳೆದು ಬಿಗಿ ಮಾಡುತ್ತೇನೆ. ವೆಸ್ಟ್ ಮತ್ತೆ ಮೈಗೆ ಕೂರುತ್ತದೆ. ಶುರುವಿನಲ್ಲೇ ಅಷ್ಟು ಬಿಗಿ ಮಾಡಿಕೊಂಡರೆ ಉಸಿರು ಕಟ್ಟುತ್ತದೆ, ಹಾಗಾಗಿ ನಡುವೆಯೇ ಮಾಡಬೇಕು.

ಬ್ಲಾಡರ್ ಅನ್ನು ಈಗ ಬಳಸುವುದು ಅಪರೂಪ. ಎಷ್ಟು ನೀರು ಉಳಿದಿದೆ ಅಂತ ಕಾಣುವುದಿಲ್ಲ, ತೊಳೆಯುವುದು ತಲೆನೋವು. ಒಮ್ಮೆ ಒಣಗಿಸದೆ ಇಟ್ಟು ಕೊಳವೆಯೊಳಗೆ ಕಪ್ಪು ಬೂಸ್ಟು ಹಿಡಿಯಿತು. ಆಮೇಲಿಂದ ತೊಳೆದು ನೀರು ಬಸಿದು ಫ್ರೀಜರ್‌ನಲ್ಲಿ ಇಡುತ್ತೇನೆ, ಬೂಸ್ಟಿನ ಕಾಟವಿಲ್ಲ. ತುಂಬಿಸುವಾಗ ಮಾತ್ರ ಮುಚ್ಚಿದ ಮೇಲೆ ತಲೆಕೆಳಗೆ ಮಾಡಿ ಕೊಳವೆಯಿಂದ ಗಾಳಿ ಹೀರಿಬಿಡಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಬೆನ್ನ ಹಿಂದೆ ಹೊಳೆ ಹರಿದ ಸದ್ದು. ಮೊದಲ ಸಲ ಫ್ರೀಜರ್ ತೆಗೆದ ನಮ್ಮ ಮನೆಯವರು, "ಇದೇನ್ರೀ, ಆಸ್ಪತ್ರೇಲಿ ಡ್ರಿಪ್ ಹಾಕೋ ಚೀಲ ತಂದಿಟ್ಟಿದ್ದೀರಾ?" ಅಂದರು. ಅವರ ಮಾತು ಸುಳ್ಳೂ ಅಲ್ಲ. 1989ರಲ್ಲಿ ಟೆಕ್ಸಸ್‌ನ ವಿಚಿಟಾ ಫಾಲ್ಸ್‌ನಲ್ಲಿ ನಡೆಯುವ 100 ಮೈಲಿಯ ಸೈಕಲ್ ಓಟಕ್ಕೆ ಮೈಕೆಲ್ ಐಡ್ಸನ್ ಅನ್ನುವವರು ಡ್ರಿಪ್ ಚೀಲಕ್ಕೇ ನೀರು ತುಂಬಿಸಿ, ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಬೆನ್ನಿಗೆ ಸಿಕ್ಕಿಸಿಕೊಂಡು ಹೋದರು. ಬೆನ್ನಿಗೆ ಹಾಕುವ ನೀರಿನ ಚೀಲಗಳ ಕಂಪನಿ ಕ್ಯಾಮೆಲ್‌ಬ್ಯಾಕ್ ಹುಟ್ಟಿದ್ದು ಅಲ್ಲಿಂದ. ನಮ್ಮ ಮನೆಯವರಿಗೆ ಇದನ್ನು ಹೇಳಿದೆ. "ಆದ್ರೂ ಐಸ್ ಟ್ರೇ ಪಕ್ಕ ಇಡಬೇಡಿ" ಅಂದರು.

ಹೊಸದಾಗಿ ಕೊಳ್ಳುವವರಿಗೆ ನನ್ನದು ಒಂದೇ ಸಲಹೆ. ಲೇಬಲ್ ಕೀಳುವ ಮೊದಲು, ಫ್ಲಾಸ್ಕ್‌ಗಳಿಗೆ ಅರ್ಧದಷ್ಟೇ ನೀರು ತುಂಬಿಸಿ, ಜೇಬಿನಲ್ಲಿ ಮೊಬೈಲ್ ಇಟ್ಟು ಮನೆಯೊಳಗೇ ಹತ್ತು ನಿಮಿಷ ಕುಪ್ಪಳಿಸಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಆಗ ಬಡಿದರೆ ದಾರಿಯಲ್ಲೂ ಬಡಿಯುತ್ತದೆ, ವಾಪಸ್ ಕೊಟ್ಟುಬಿಡಿ. ಎರಡು ಅಳತೆಯ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತೆಗೆದುಕೊಳ್ಳಿ, ಉಸಿರು ಸಲೀಸಾಗಿ ಆಡಿದರೆ ಸಾಕು. ದಾರಿಯಲ್ಲಿ ಅಲ್ಲಲ್ಲಿ ನೀರು ಸಿಗುವ ಜಾಗದಲ್ಲಿ ಓಡುವವರಿಗೆ, ಒಂದು ಸಲಕ್ಕೆ ಒಂದೂವರೆ ಗಂಟೆ ದಾಟದವರಿಗೆ ಇದರ ಅಗತ್ಯವೇ ಇಲ್ಲ. ಕೈಬಾಟಲಿ ಸಾಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಿತ್ತುಹೋದ ಜಿಪ್ ಹಿಡಿಗೆ ಹಳೆಯ ಶೂ ಲೇಸಿನ ತುಂಡು ಕಟ್ಟಿದ್ದೇನೆ, ಕಂಪನಿಯ ಹಿಡಿಗಿಂತ ಅದೇ ಚೆನ್ನಾಗಿ ಎಳೆಯುತ್ತದೆ. ಬರುವ ಭಾನುವಾರ 28 ಕಿಲೋಮೀಟರ್ ಇದೆ. ಐದು ಜೆಲ್ ಎಣಿಸಿ ಎಡಜೇಬಿಗೆ ಹಾಕಿಟ್ಟಾಗಿದೆ. ರಬ್ಬರ್ ಬ್ಯಾಂಡ್ ಮಾತ್ರ ಎಲ್ಲಿ ಬಿತ್ತೋ, ಹುಡುಕಬೇಕು.