ಗ್ರಂಥಾಲಯದ ಹಳೆಯ ಫೋಟೊಗಳಿಗೆ ಫ್ಲಿಕರ್ ಒಗ್ಗುತ್ತದೆಯೇ?

ಓದುಗರ ನೆನಪನ್ನು ಗ್ರಂಥಾಲಯದ ಕ್ಯಾಟಲಾಗಿಗೆ ತಂದುಕೊಡುವುದರಲ್ಲಿ, ಫೋಟೊ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್‌ನಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಚಿತ್ರಗಳನ್ನು ಇಲ್ಲಿ ಹಾಕಿತು. ನೋಡಿದವರು ಊರು, ಬೀದಿ, ಜನರ ಹೆಸರು ಗುರುತಿಸಿ ಕಾಮೆಂಟ್ ಬರೆದರು. ಸಿಬ್ಬಂದಿ ಅವನ್ನು ಪರಿಶೀಲಿಸಿ, ಸರಿಯಾದದ್ದನ್ನು ಮೂಲ ದಾಖಲೆಗೇ ಸೇರಿಸಿದರು. ಜಿಲ್ಲಾ ಗ್ರಂಥಾಲಯದ ಆಲ್ಬಮ್ಮಿನಲ್ಲಿ ಹೆಸರಿಲ್ಲದೆ ಉಳಿದ ಜಾತ್ರೆ, ಶಾಲೆ, ಸಂತೆಗಳ ಫೋಟೊಗಳಿಗೆ ಬೇಕಾಗಿರುವುದು ಇದೇ ಅಲ್ಲವೇ?

ಆದರೆ ಉಚಿತ ಖಾತೆಯಲ್ಲಿ ಫೋಟೊ, ವಿಡಿಯೊ ಎಲ್ಲ ಸೇರಿ 1,000 ಮಾತ್ರ. ಮುಂದಕ್ಕೆ ವರ್ಷವರ್ಷ ಹಣ ಕಟ್ಟಬೇಕು. ಆದ್ದರಿಂದ ಇರುವುದನ್ನೆಲ್ಲ ಸುರಿಯದೆ, ಗುರುತು ಸಿಗದ ಚಿತ್ರಗಳನ್ನೇ ಮೊದಲು ಹಾಕುವುದು ಜಾಣತನ. 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿದ, ಗುಣಮಟ್ಟ ಕುಗ್ಗದ ದೊಡ್ಡ ಟಿಫ್ ಕಡತ ಗ್ರಂಥಾಲಯದಲ್ಲೇ ಇರಲಿ, ತಾಣಕ್ಕೆ ಗಾತ್ರ ಕುಗ್ಗಿಸಿದ ಜೆಪೆಗ್ ಕಡತ ಸಾಕು. ಸ್ಕ್ಯಾನರ್ ಕೊಟ್ಟ ಕಡತದ ಹೆಸರೇ ಶೀರ್ಷಿಕೆಯಾಗಿ ಉಳಿದರೆ ಹುಡುಕುವವರಿಗೆ ಚಿತ್ರ ಸಿಗುವುದೇ ಇಲ್ಲ. ಊರಿನ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಟ್ಯಾಗ್ ಮಾಡಿ. ವಿವರಣೆಯಲ್ಲಿ ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಆ ಫೋಟೊಗೆ ಕೊಟ್ಟ ಸಂಖ್ಯೆ) ಬರೆಯಿರಿ. ಇಲ್ಲವಾದರೆ ಕಾಮೆಂಟ್ ಬಂದಾಗ ಮೂಲ ಪ್ರತಿ ಯಾವ ಪೆಟ್ಟಿಗೆಯಲ್ಲಿದೆ ಎಂದು ತಡಕಾಡಬೇಕಾಗುತ್ತದೆ.

ಹೆಚ್ಚು ಎಡವುವುದು ಹಕ್ಕಿನ ವಿಷಯದಲ್ಲಿ. ಏನನ್ನೂ ಬದಲಿಸದಿದ್ದರೆ ಫ್ಲಿಕರ್ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದೇ ತೋರಿಸುತ್ತದೆ. ದಾನಿಗಳು ಆಲ್ಬಂ ಕೊಟ್ಟ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಗ್ರಂಥಾಲಯಕ್ಕೆ ಬರುವುದಿಲ್ಲ. ಭಾರತದಲ್ಲಿ ಫೋಟೊದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಎಂದಿದ್ದ ನಿಯಮ 2012ರ ತಿದ್ದುಪಡಿಯಲ್ಲಿ ಹೋಯಿತು; ಈಗ ಅದು ಫೋಟೊ ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ದಾನಪತ್ರ ಬರೆಸಿಕೊಳ್ಳುವಾಗಲೇ ಫೋಟೊ ತೆಗೆದವರು ಯಾರು, ಎಲ್ಲಾದರೂ ಅಚ್ಚಾಗಿತ್ತೇ ಎಂದು ಕೇಳಿ ದಾಖಲಿಸಬೇಕು.

ಹಕ್ಕು ಮುಕ್ತವಾಗಿದೆ ಎಂದು ಖಾತ್ರಿಯಾದ ಚಿತ್ರಗಳಿಗೆ, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಇನ್ನೂ ಒಳ್ಳೆಯದು: ಖರ್ಚಿಲ್ಲ, ಕನ್ನಡ ವಿಕಿಪೀಡಿಯದ ಲೇಖನಕ್ಕೂ ನೇರ ಬಳಸಬಹುದು. ವಾಣಿಜ್ಯ ಬಳಕೆಗೆ ತಡೆಯೊಡ್ಡುವ ಪರವಾನಗಿ ಅಲ್ಲಿ ನಡೆಯದು. 'ಹೊಸ ಪುಸ್ತಕಗಳು' ಎಂದು ಮುಖಪುಟಗಳನ್ನು ಹಾಕಿದರೆ ಅಳಿಸುತ್ತಾರೆ, ಏಕೆಂದರೆ ಆ ವಿನ್ಯಾಸದ ಹಕ್ಕು ಗ್ರಂಥಾಲಯದ್ದಲ್ಲ.

ಗ್ರಂಥಾಲಯದ ಉಪನ್ಯಾಸಗಳ ವಿಡಿಯೊಗಳಿಗೆ ಯೂಟ್ಯೂಬೇ ಸರಿ. ಫೋನ್ ನಂಬರ್ ದೃಢಪಡಿಸದ ಖಾತೆಯಲ್ಲಿ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಏರುವುದಿಲ್ಲ. ಕಥೆ ಹೇಳುವ ವಿಡಿಯೊವನ್ನು 'ಮಕ್ಕಳಿಗಾಗಿ' ಎಂದು ಗುರುತಿಸಿದರೆ ಕಾಮೆಂಟ್ ಮುಚ್ಚಿಹೋಗುತ್ತದೆ. ಹಾಗಾಗಿ ಪೋಷಕರು ಪ್ರಶ್ನೆ ಕೇಳಲು ಗ್ರಂಥಾಲಯದ ದೂರವಾಣಿ ಸಂಖ್ಯೆ, ಸಮಯ ಎರಡನ್ನೂ ವಿಡಿಯೊದೊಳಗೇ ತೋರಿಸಿ.