ಧಾರವಾಡದ ಸಪ್ತಾಪುರದ ಕೌನ್ಸೆಲಿಂಗ್: ಅಪ್ಪ, ಅಮ್ಮ ಇಬ್ಬರೂ ಹೋಗಿ

ಮಗಳು ತಾನು ಬೈಸೆಕ್ಷುವಲ್, ಹುಡುಗರೂ ಇಷ್ಟ, ಹುಡುಗಿಯರೂ ಇಷ್ಟ ಅಂತ ಹೇಳಿದ ಮೇಲೆ ನಾನೂ ನಮ್ಮ ಯಜಮಾನರೂ ಇಲ್ಲಿಗೆ ಹೋದೆವು. 'ಇದಕ್ಕೆ ಔಷಧ ಐತೇನ್ರೀ?' ಅಂತ ಇವರು ಕೇಳಿದರು. ಕೌನ್ಸೆಲರ್ ಮೇಡಂ ಪೆನ್ನು ಕೆಳಗಿಟ್ಟು, 'ಇದು ರೋಗ ಅಲ್ರೀ' ಅಂದರು. ಬದಲಾಯಿಸ್ತೀವಿ ಅನ್ನೋ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಅಂದಿದೆಯಂತೆ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮುಂದಿನ ಮಾತು: 'ಮದುವೆ ಮಾಡಿದ್ರೆ ಸರಿಹೋಗ್ತಾಳ ಅನ್ನಬ್ಯಾಡ್ರಿ. ನಾಳೆ ಹುಡುಗನ್ನ ಮೆಚ್ಚಿದ್ರೂ ಆಕಿ ಬೈಸೆಕ್ಷುವಲ್ಲೇ. ಬಂಧುಬಳಗಕ್ಕೆ ಹೇಳೋದು ಬಿಡೋದು ಆಕಿಗೇ ಬಿಡ್ರಿ.' ಇಷ್ಟು ನೇರವಾಗಿ ಹೇಳುವವರು ಬೇಕು. ಕಾಯುವ ಜಾಗ ಮಾತ್ರ ಇಕ್ಕಟ್ಟು, ಎಲ್ಲರೆದುರು ಹೆಸರು ಕೂಗುತ್ತಾರೆ. ಅದು ನಿಲ್ಲಬೇಕು. ಫೋನ್ ಮಾಡಿ, ಸಂಜೆ ಹೊತ್ತು ಹೋಗಿ.