ಕಲಬುರಗಿಯಿಂದ ವೈನರಿ ಟೂರ್: ಹಲವು ವರ್ಷ ಹೋಗಿ ಬಂದ ಮೇಲಿನ ವಿಮರ್ಶೆ

ವೀಕೆಂಡಿನಲ್ಲಿ ವೈನರಿಗೆ ಹೋಗಿ, ದ್ರಾಕ್ಷಿ ತೋಟ ಸುತ್ತಿ, ಐದಾರು ಬಗೆಯ ವೈನ್ ರುಚಿ ನೋಡಿ ಬರುವ ಟೂರ್‌ಗಳಿಗೆ ನಾನು, ನಮ್ಮ ಮನೆಯವರು, ಜೊತೆಗೆ ಇನ್ನೊಂದು ಜೋಡಿ ಕಲಬುರಗಿಯಿಂದ ಹಲವು ವರ್ಷಗಳಿಂದ ಹೋಗುತ್ತಿದ್ದೇವೆ. ಪರಿಚಯದವರು ಕೇಳುವುದು ಒಂದೇ: "ಅಷ್ಟು ದೂರ ಹೋಗಿದ್ದಕ್ಕ ಸಾರ್ಥಕ ಆಗ್ತದೇನ್ರೀ?" ಆಗ್ತದ. ಆದರೆ ವೈನರಿ ಎಷ್ಟು ದೊಡ್ಡದು, ಫೋಟೊದಲ್ಲಿ ಎಷ್ಟು ಚೆಂದ ಅನ್ನುವುದಕ್ಕಿಂತ, ನಿಮ್ಮನ್ನು ಕರೆದುಕೊಂಡು ಸುತ್ತಾಡಿಸಿ ಗ್ಲಾಸಿಗೆ ವೈನ್ ಹಾಕಿಕೊಡುವವರು ಎಂಥವರು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೊದಲು ಹುಡುಕುವ ವಿಚಾರ. ಮ್ಯಾಪ್‌ನಲ್ಲಿ ಬರೀ 'ವೈನ್' ಅಂತ ಹಾಕಿದರೆ ಊರಲ್ಲಿರುವ 'ವೈನ್ಸ್' ಬೋರ್ಡಿನ ಅಂಗಡಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. 'ವೈನರಿ ಟೂರ್', 'ವೈನ್ ಟೇಸ್ಟಿಂಗ್' ಅಂತಲೇ ಹಾಕಿ. ಬಂದ ಜಾಗಗಳ ರಿವ್ಯೂಗಳಲ್ಲಿ ಹೊಸವನ್ನೇ ಮೊದಲು ಓದಿ. ಜನ ಟೂರ್ ಮಾಡಿಸಿದವರನ್ನು ನೆನೆದು ಬರೆದಿದ್ದರೆ ಆ ಜಾಗ ನಂಬಬಹುದು. ಪಿಜ್ಜಾ, ಸೂರ್ಯಾಸ್ತ, ಸೆಲ್ಫಿ ಇಷ್ಟೇ ಇದ್ದರೆ ಅದು ಊಟಕ್ಕೆ ಹೋಗುವ ಜಾಗ ಅಂದುಕೊಳ್ಳಿ. ಆಮೇಲೆ ಫೋನ್ ಮಾಡಿ ಕೇಳಿ: ಒಂದು ಗುಂಪಿನಲ್ಲಿ ಎಷ್ಟು ಜನ, ಟ್ಯಾಂಕು ಮತ್ತು ಬ್ಯಾರಲ್ (ಮರದ ಪೀಪಾಯಿ) ಕೋಣೆ ಒಳಗೆ ಬಿಡ್ತೀರಾ, ಕನ್ನಡದಲ್ಲಿ ಹೇಳುವವರು ಇದ್ದಾರಾ. ಕೊನೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬೇಡಿ. ನಮಗೆ ಅತಿ ಒಳ್ಳೆಯ ಟೂರ್ ಸಿಕ್ಕಿದ್ದೇ ಆ ಪ್ರಶ್ನೆಯಿಂದ.

ಊರೊಳಗಿನ ವೈನರಿ, ಅಂದರೆ ಬೇರೆ ಕಡೆಯ ದ್ರಾಕ್ಷಿ ತರಿಸಿ ಪಟ್ಟಣದ ಗೋದಾಮಿನಲ್ಲೇ ವೈನ್ ಮಾಡಿ ಅಲ್ಲೇ ರುಚಿಗೆ ಕೊಡುವ ಜಾಗಗಳು, ಹೊರದೇಶಗಳಲ್ಲಿ ಬಹಳ ಇವೆ. ಲಂಡನ್ನಿನ ಲಂಡನ್ ಕ್ರೂ 2013ರಲ್ಲಿ ಶುರುವಾದದ್ದು. ವಿಯೆನ್ನಾದಲ್ಲಂತೂ ನಗರದ ಗಡಿಯೊಳಗೇ ದ್ರಾಕ್ಷಿ ತೋಟಗಳಿವೆ. ಬೆಂಗಳೂರಿನ ಮಟ್ಟಿಗೆ ಊರೊಳಗೆ ಸಿಗುವುದು ಹೋಟೆಲ್, ರೆಸ್ಟೊರೆಂಟುಗಳ ಟೇಸ್ಟಿಂಗ್ ಸಂಜೆಗಳು. ನಾಲ್ಕಾರು ದೇಶದ ವೈನ್ ಒಂದೇ ಮೇಜಿನ ಮೇಲೆ ಹೋಲಿಸಿ ನೋಡಲು ಅವು ಒಳ್ಳೆಯವು, ಅಷ್ಟೇ. ವೈನರಿ ನೋಡಬೇಕೆಂದರೆ ನಂದಿ ಬೆಟ್ಟದ ಬುಡಕ್ಕೇ ಹೋಗಬೇಕು.

ಕಲಬುರಗಿಯವರಿಗೆ ಇದು ಅಂದುಕೊಂಡದ್ದಕ್ಕಿಂತ ಸುಲಭ. ನಮ್ಮಲ್ಲಿಂದ ಬೆಂಗಳೂರಿಗೆ ಹೋಗುವ ಹಲವು ರೈಲುಗಳು ಯಲಹಂಕದಲ್ಲಿ ನಿಲ್ಲುತ್ತವೆ. ಅಲ್ಲೇ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಹೋಗಿ ಅದೇ ಟ್ರಾಫಿಕ್‌ನಲ್ಲಿ ವಾಪಸ್ ಬರಬೇಡಿ. ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಯಲಹಂಕದಲ್ಲಿ ತಿಂಡಿ ಮುಗಿಸಿ, ಕ್ಯಾಬ್ ಹಿಡಿದು ದೊಡ್ಡಬಳ್ಳಾಪುರದ ಕಡೆಗೆ ಹೋದರೆ ಬೆಳಗಿನ ಟೂರ್ ಸಿಗುತ್ತದೆ. ಬರುವಾಗಿನ ಕ್ಯಾಬನ್ನೂ ಆಗಲೇ ಮಾತಾಡಿಕೊಳ್ಳಿ, ತೋಟದ ಹತ್ತಿರ ನಿಂತು ಬುಕ್ ಮಾಡಿದರೆ ಸಿಗುವುದು ಕಷ್ಟ. ಕುಡಿದು ಸ್ಟೇರಿಂಗ್ ಹಿಡಿಯುವ ಮಾತೇ ಬೇಡ.

ಆ ಭಾಗದ ವೈನರಿಗಳಲ್ಲಿ ಹಳೆಯ ಹೆಸರು ಗ್ರೋವರ್. ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಕಂಪನಿ ಅದು, 2012ರಲ್ಲಿ ನಾಸಿಕ್‌ನ ಜಂಪಾ ಎಂಬ ವೈನ್ ಕಂಪನಿ ಸೇರಿ ಗ್ರೋವರ್ ಜಂಪಾ ಆಯಿತು. ಫ್ರಾನ್ಸಿನ ದ್ರಾಕ್ಷಿ ತಳಿಗಳು ನಂದಿ ಸೀಮೆಯ ಮಣ್ಣಿನಲ್ಲಿ ಬೇರು ಬಿಟ್ಟದ್ದು ಇವರಿಂದ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಸುತ್ತಮುತ್ತ ಇನ್ನೂ ಕೆಲವು ವೈನರಿಗಳು ಬಂದಿವೆ.

ನಾನು ಮರೆಯದ ಟೂರ್ ಆ ಕಡೆಯ ಒಂದು ಸಣ್ಣ ವೈನರಿಯದು. ಸುತ್ತಾಡಿಸಿದ ಹುಡುಗ ವಿಜಯಪುರದವನು, ಅವರ ಮನೆಯಲ್ಲೂ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವವರು. ನಮ್ಮ ಮಾತು ಕಿವಿಗೆ ಬಿದ್ದದ್ದೇ, "ಅಕ್ಕಾರ, ನೀವು ಕಲಬುರಗಿಯವ್ರೇನ್ರೀ?" ಅಂದ. ಮೊದಲು ಗ್ಲಾಸ್ ಕೊಡಲಿಲ್ಲ, ಬಳ್ಳಿಯಿಂದ ಒಂದೊಂದು ಕಬರ್ನೆ ಸೋವಿನ್ಯೊ (ಕೆಂಪು ವೈನ್ ಮಾಡುವ ದ್ರಾಕ್ಷಿ) ಕಾಳು ಕಿತ್ತು ಕೊಟ್ಟ. "ನುಂಗಬ್ಯಾಡ್ರಿ, ಅಗೀರಿ. ಸಿಪ್ಪಿ ಬ್ಯಾರೆ, ಬೀಜ ಬ್ಯಾರೆ." ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ದಪ್ಪ, ತಿರುಳು ಕಡಿಮೆ. ಸಕ್ಕರೆ ನಾವು ತಿನ್ನುವ ಥಾಮ್ಸನ್ ದ್ರಾಕ್ಷಿಗಿಂತ ಜಾಸ್ತಿ. ಸಿಪ್ಪೆ, ಬೀಜ ಅಗಿದಾಗ ನಾಲಿಗೆಯೆಲ್ಲ ಒಗರು. ಆಮೇಲೆ ಒಳಗೆ ಹೋಗಿ ಅದೇ ದ್ರಾಕ್ಷಿಯ ಕೆಂಪು ವೈನ್ ಬಾಯಿಗಿಟ್ಟರೆ ಅದೇ ಒಗರು, ಅದೇ ಜಾಗದಲ್ಲಿ ಹಿಡಿಯಿತು. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ, ಕೆಂಪಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ. ಬಣ್ಣ, ಒಗರು ಎರಡೂ ಅಲ್ಲಿಂದಲೇ ಬರುವುದು. ಇದನ್ನು ಓದಿದ್ದೆ, ಆದರೆ ಆ ಕಾಳು ಅಗಿದ ದಿನವೇ ನನಗೆ ನಿಜವಾಗಿ ತಿಳಿದದ್ದು. ಬ್ಯಾರಲ್ ಕೋಣೆಯಲ್ಲಿ 225 ಲೀಟರಿನ ಓಕ್ ಪೀಪಾಯಿಗಳ ಸಾಲು ತೋರಿಸಿ, ಮರದ ಸೂಕ್ಷ್ಮ ರಂಧ್ರಗಳಿಂದ ಒಂಚೂರೇ ಗಾಳಿಯಾಡಿ ಒಗರು ಮೆತ್ತಗಾಗುತ್ತದೆ ಅಂತ ವಿವರಿಸಿದ. ನಾವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಗಡಿಬಿಡಿ ಮಾಡಲಿಲ್ಲ.

ಒಂದು ಸ್ಟಾರ್ ಕಳೆದದ್ದು ಇದಕ್ಕೆ ತದ್ವಿರುದ್ಧವಾದ ಅನುಭವಗಳಿಗೆ. ಒಂದು ದೊಡ್ಡ ಜಾಗದಲ್ಲಿ ಭಾನುವಾರ ಮಧ್ಯಾಹ್ನ ಬಸ್ಸಿನಷ್ಟು ಜನರನ್ನು ಒಟ್ಟಿಗೆ ನಿಲ್ಲಿಸಿ, ಬಾಯಿಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಬಿಸಿಲಿನಲ್ಲಿಟ್ಟ ಮೇಜಿನ ಮೇಲೆ ಕೆಂಪು ವೈನ್ ಬೆಚ್ಚಗಾಗಿ ಬರೀ ಸ್ಪಿರಿಟ್ಟಿನ ವಾಸನೆ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಅನ್ನುವ ಮಾತು ಚಳಿ ದೇಶದ ಕೋಣೆಗಳಿಗೆ ಹೇಳಿದ್ದು. 16ರಿಂದ 18 ಡಿಗ್ರಿಯಲ್ಲಿರಬೇಕಾದ್ದು ಅದು. ವೈನ್ ಮಾಡುವವರಿಗೇ ಈ ಕಾಳಜಿ ಇಲ್ಲದಿದ್ದರೆ ಬೇಜಾರಾಗುತ್ತದೆ. ಅಂದಿನಿಂದ ನಾವು ಶನಿವಾರ ಬೆಳಗಿನ ಮೊದಲ ಟೂರ್ ಬಿಟ್ಟು ಬೇರೆ ಹೊತ್ತಿಗೆ ಬುಕ್ ಮಾಡಿಲ್ಲ.

ರುಚಿ ನೋಡುವ ಕ್ರಮ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಮೊದಲು ಗುಳ್ಳೆ ಏಳುವ ಸ್ಪಾರ್ಕ್ಲಿಂಗ್, ಆಮೇಲೆ ಬಿಳಿ, ಗುಲಾಬಿ ಬಣ್ಣದ ರೋಸೆ, ಕೆಂಪು, ಕೊನೆಗೆ ಸಿಹಿಯದು. ಪ್ರತಿಯೊಂದೂ ನಾಲ್ಕೈದು ಗುಟುಕು ಅಷ್ಟೇ. ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೆಣ್ಣುಮಕ್ಕಳು ಹಾಯಾಗಿ ಕೂತು ಕೇಳುವ, ನೋಡುವ ವಾತಾವರಣ ಇರುತ್ತದೆ. ನಮ್ಮ ಊರಲ್ಲಿ ಬಾಟಲಿ ಅಂದರೆ ಗಂಡಸರ ಕತ್ತಲೆ ಕೋಣೆಯ ವ್ಯವಹಾರ ಅಂತಲೇ ನೋಡಿ ಬೆಳೆದ ನನಗೆ ಇದು ದೊಡ್ಡ ಸಮಾಧಾನ.

ಅಲ್ಲಿ ಚೀಸ್, ಬಿಸ್ಕತ್ತು ಕೊಡುತ್ತಾರೆ. ನಾವು ನಮ್ಮ ಊಟದ ಲೆಕ್ಕದಲ್ಲೇ ರುಚಿ ನೋಡುತ್ತೇವೆ. ಒಗರಿನ ಕೆಂಪು ವೈನ್ ಶೇಂಗಾ ಹಿಂಡಿ, ಎಣ್ಣೆಗಾಯಿ ಜೊತೆ ಒಗ್ಗುವುದಿಲ್ಲ, ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ತುಸು ಸಿಹಿಯಿರುವ ಬಿಳಿ ವೈನ್ ಶೆನಿನ್ ಬ್ಲಾಂಕ್ ತಣ್ಣಗಿದ್ದರೆ ಖಾರ ತಗ್ಗಿಸುತ್ತದೆ. ಪುಂಡಿ ಪಲ್ಯದ ಹುಳಿಗೆ ಅಷ್ಟೇ ಹುಳಿಯ ಇನ್ನೊಂದು ಬಿಳಿ, ಸೋವಿನ್ಯೊ ಬ್ಲಾಂಕ್ ಸರಿ. ಮಸಾಲೆಯ ಮಟನ್ನಿಗೆ ಮಾತ್ರ ಕೆಂಪಿನ ಶಿರಾಜ್.

ಮಹಾರಾಷ್ಟ್ರದ ಕಡೆ ಹೋಗುವುದಾದರೆ ಅಕ್ಲೂಜಿನ ಫ್ರಾಟೆಲ್ಲಿ ವೈನರಿ ನಮಗೆ ಹತ್ತಿರ. ಸೊಲ್ಲಾಪುರ, ಪಂಢರಪುರ ದಾಟಿದರೆ ಅಕ್ಲೂಜ್, ವಿಠ್ಠಲನ ದರ್ಶನಕ್ಕೆ ಹೋಗಿ ಬಂದವರಿಗೆ ದಾರಿ ಗೊತ್ತೇ ಇದೆ. ಇಟಲಿಯ ಸಾಂಜೊವೇಸೆ ದ್ರಾಕ್ಷಿ ತಳಿಯನ್ನು ಅಲ್ಲಿ ಬೆಳೆಯುತ್ತಾರೆ, ನನಗೆ ಬಹಳ ಹಿಡಿಸಿತು. ಮೊದಲೇ ಬುಕ್ ಮಾಡಿಯೇ ಹೋಗಿ. ಆಷಾಢಿ ಏಕಾದಶಿ ಹತ್ತಿರ ಬೇಡ: ದಿಂಡಿ, ಪಾಲಖಿಗಳಿಂದ ರಸ್ತೆ ತುಂಬಿರುತ್ತದೆ, ಏಕಾದಶಿಯಂದು ಮದ್ಯ ಮಾರಾಟವೂ ಬಂದ್. ನಾಸಿಕ್‌ನ ವೈನರಿಗಳಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಮನ್ಮಾಡ್‌ನಲ್ಲಿ ಇಳಿಯಬಹುದು, ಆದರೆ ಎರಡು ದಿನದ ರಜೆಗೆ ಅದು ಓಡಾಟವೇ ಆಗುತ್ತದೆ.

ಯಾವಾಗ ಹೋಗಬೇಕು? ಜನವರಿಯಿಂದ ಮಾರ್ಚ್. ನಮ್ಮ ಹವೆಯಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ (ಕಡ್ಡಿ ಕತ್ತರಿಸುವುದು) ಮಾಡುತ್ತಾರೆ, ಏಪ್ರಿಲ್ ಸುಮಾರಿಗೆ ಒಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ಎರಡನೆಯ ಚಾಟ್ನಿಯ ಹಣ್ಣು ಮಾಗುವುದು ಈ ತಿಂಗಳುಗಳಲ್ಲಿ. ಆಗ ಹೋದರೆ ಕೊಯ್ಲು, ಹಿಂಡುವ ಯಂತ್ರ, ಹುದುಗುವ ಟ್ಯಾಂಕು ಎಲ್ಲ ಕೆಲಸದಲ್ಲಿರುತ್ತವೆ. ಏಪ್ರಿಲ್ ಚಾಟ್ನಿ ಆದ ಕೂಡಲೇ ಹೋದರೆ ನೋಡಲು ಬರೀ ಕಡ್ಡಿ. ಜನವರಿ 26 ವೀಕೆಂಡಿನಲ್ಲಿ ಬಂದರೆ ಆ ವಾರ ಬಿಡಿ, ಅಂದು ಮದ್ಯ ಮಾರಾಟ ಬಂದ್; ಚುನಾವಣೆ ಇದ್ದರೆ ಮತದಾನ ಮುಗಿಯುವ 48 ಗಂಟೆ ಮೊದಲಿನಿಂದ ಎಲ್ಲ ಬಂದ್.

ಬಾಟಲಿ ಹೊತ್ತು ತರುವ ಉಸಾಬರಿಗೆ ನಾವು ಹೋಗುವುದಿಲ್ಲ. ರಾಜ್ಯದ ಗಡಿ ದಾಟಿಸಲು ಅಬಕಾರಿ ನಿಯಮಗಳಿವೆ, ಬೇಸಿಗೆಯ ಕಾರಿನ ಡಿಕ್ಕಿಯಲ್ಲಿ ವೈನ್ ಬೆಂದೇ ಹೋಗುತ್ತದೆ. ಇಷ್ಟವಾದ ಲೇಬಲ್ಲಿನ ಫೋಟೊ ತೆಗೆದುಕೊಂಡು ಬಂದು ಕಲಬುರಗಿಯಲ್ಲೇ ಕೇಳುತ್ತೇವೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಅಂಗಡಿಯ ಮುಂದಿನ ಗಾಜಿನ ಶೋಕೇಸಿನಲ್ಲಿ ಬಿಸಿಲು ತಿಂದ ಬಾಟಲಿ ತೆಗೆದುಕೊಳ್ಳಬೇಡಿ, ಒಳಗಿನ ಪೆಟ್ಟಿಗೆಯಿಂದ ಕೇಳಿ. ಕಾರ್ಕ್ ಮೇಲೆ ಉಬ್ಬಿದ್ದರೆ, ಕುತ್ತಿಗೆಯ ಹತ್ತಿರ ಸೋರಿದ ಕಲೆಯಿದ್ದರೆ ವಾಪಸ್ ಕೊಡಿ. ಮನೆಗೆ ತಂದ ಮೇಲೆ ಫ್ರಿಜ್ಜಿನಲ್ಲಿಡಿ, ಕೆಂಪನ್ನೂ ಸಹ, ಕುಡಿಯುವ ಸ್ವಲ್ಪ ಹೊತ್ತು ಮುಂಚೆ ಹೊರಗೆ ತೆಗೆದರೆ ಸಾಕು.